ನೆಂಟರ ಲೋಟ

ಜೀಪು ನಿಂತ ಜಾಗ ನೋಡಿ ಲಿಖಿತಾ ಇಳಿಯಲು ಹಿಂಜರಿದಳು.

ಎಸ್ಟೇಟಿನ ಕೂಲಿಯವರ ಲೈನು ಮನೆಗಳ ಸಾಲು. ಅದರಲ್ಲಿ ಕೊನೆಯ ಮನೆ. ಗೋಡೆಗೆ ಒತ್ತಿ ಜೋಡಿಸಿಟ್ಟ ಸೌದೆ, ಬಾಗಿಲಿಗೆ ನೀಲಿ ಪರದೆ. ಕಳೆದ ಭಾನುವಾರ ಆ ಪರದೆಯನ್ನು ಕಟ್ಟಿದವಳು ಅವಳೇ. ಅದು ಅವಳ ಅಜ್ಜಿಯ ಮನೆ. ಅವಳು ಹುಟ್ಟಿ ಬೆಳೆದ ಮನೆ.

"ಇದೇ ಅಂತೆ," ಎಂದ ನಿರಂಜನ್, ಕ್ಯಾಮೆರಾ ಬ್ಯಾಗನ್ನು ಹೆಗಲಿಗೇರಿಸುತ್ತಾ. "ಚೋಮಿ ಅಂತ ಹೆಸರು. ಈ ಲೈನಲ್ಲಿ ಎಲ್ಲರಿಗಿಂತ ಹಿರಿಯರು. ಜೀಪಿನ ಸಿದ್ದರಾಜು ಹೇಳಿದ್ದು."

"ನನಗೆ ಮೊದಲೇ ಹೇಳಬಾರದಿತ್ತಾ?"

"ಏನು?"

"ಏನಿಲ್ಲ..."

ಅಷ್ಟರಲ್ಲಿ ಪರದೆ ಸರಿಯಿತು. ಚೋಮಜ್ಜಿ ಹೊರಗೆ ಬಂದಳು. ಮೊಮ್ಮಗಳನ್ನು ಕಂಡದ್ದೇ ಅವಳ ಮುಖ ಅರಳಿತು. ಭಾನುವಾರವಲ್ಲದ ದಿನ ಕೂಸು ಬಂದಿದೆ! ಅವಳು ಎರಡೂ ಕೈ ಮುಂದೆ ಚಾಚಿದಳು.

"ಇವರು ನಿಮಗೆ ಗೊತ್ತಾ?" ನಿರಂಜನ್ ಕೇಳಿದ.

ಒಂದೇ ಒಂದು ಮಾತು. ಹೌದು ಅನ್ನಬೇಕಿತ್ತು.

"ಇಲ್ಲ," ಎಂದಳು ಲಿಖಿತಾ. "ನಾನು ನೋಡಿಲ್ಲ ಇವರನ್ನ."

ಚೋಮಜ್ಜಿಗೆ ಕನ್ನಡ ಚೆನ್ನಾಗಿಯೇ ಅರ್ಥವಾಗುತ್ತಿತ್ತು. ಚಾಚಿದ ಕೈಗಳು ಮೆಲ್ಲಗೆ ಒಂದನ್ನೊಂದು ಹಿಡಿದುಕೊಂಡವು. ನೋಡುವವರಿಗೆ ಮುದುಕಿ ನಮಸ್ಕಾರ ಮಾಡುತ್ತಿದ್ದಾಳೆ ಅನ್ನಿಸಬೇಕು, ಹಾಗೆ.

"ಬನ್ನಿ, ಒಳಗೆ ಬನ್ನಿ," ಎಂದಳು ಅವಳು. ಸ್ವಂತ ಮೊಮ್ಮಗಳಿಗೆ ಬಹುವಚನ ಹಚ್ಚಿ.

ಲಿಖಿತಾ ಕೆಟ್ಟವಳಲ್ಲ. ಆದರೆ ಒಂದು ಸುಳ್ಳಿನೊಳಗೆ ಕಾಲಿಟ್ಟಿದ್ದಳು. ಸುಳ್ಳು ಕೆಸರಿನ ಹಾಗೆ, ಒಂದು ಕಾಲು ಎತ್ತಲು ಹೋದರೆ ಇನ್ನೊಂದು ಹೂತುಹೋಗುತ್ತದೆ.

ಅವಳು ಸುಂಟಿಕೊಪ್ಪದ ಒಂದು ಫೋಟೋ ಸ್ಟುಡಿಯೋದಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುವ ಹುಡುಗಿ. ಊರವರ ಧಾರೆ, ಊಟ, ಅಳು ಎಲ್ಲ ಅವಳ ಕೈಯಲ್ಲೇ ಕತ್ತರಿಸಿ ಜೋಡಣೆಯಾಗುತ್ತಿತ್ತು. ಹೋದ ಮಳೆಗಾಲದ ಕೊನೆಯಲ್ಲಿ ಒಬ್ಬ ಹುಡುಗ ಅಲ್ಲಿಗೆ ಬಂದ. ಶನಿವಾರಸಂತೆಯ ಪರಮೇಶಪ್ಪನವರ ಮಗ ನಿರಂಜನ್. ಕೊಡಗಿನ ಹಿರಿಯರ ನೆನಪುಗಳ ಬಗ್ಗೆ ಒಂದು ಡಾಕ್ಯುಮೆಂಟರಿ ಮಾಡುತ್ತಿದ್ದ. ಎಲ್ಲರಿಗೂ ಅವನದು ಒಂದೇ ಪ್ರಶ್ನೆ. 'ನೀವು ನಡೆದ ದಾರಿಗಳಲ್ಲಿ ಮರೆಯಲಾರದ ಒಂದು ದಾರಿ ಹೇಳಿ.'

"ನೆನಪು ಹೇಳುವಾಗ ಯಾರೂ ಬೇರೆಯವರ ಮಾತಲ್ಲಿ ಹೇಳಬಾರದು," ಎನ್ನುತ್ತಿದ್ದ ಅವನು. "ಕೊಡವರು ಕೊಡವ ತಕ್ಕಲ್ಲಿ ಹೇಳಲಿ, ಅರೆಭಾಷೆಯವರು ಅರೆಭಾಷೆಯಲ್ಲಿ. ಕಾಡಿನ ಹಾಡಿಯವರ ಮಾತು ಗೊತ್ತಿರೋರು ಯಾರಾದ್ರೂ ಸಿಗ್ತಾರಾ ಇಲ್ಲಿ?"

"ನನಗೆ ಬರುತ್ತೆ," ಎಂದುಬಿಟ್ಟಿದ್ದಳು ಲಿಖಿತಾ.

"ಹೌದಾ? ಹೇಗೆ?"

ಅಲ್ಲಿ ಕಾಲು ಜಾರಿತು. "ನಮ್ಮಪ್ಪ ಎಸ್ಟೇಟಲ್ಲಿ ರೈಟರ್ ಆಗಿದ್ರು. ಲೈನಿನ ಮಕ್ಕಳ ಜೊತೆ ಆಡ್ತಾ ಆಡ್ತಾ ಬಂತು."

ಹಾಸ್ಟೆಲಿನಲ್ಲಿ, ಕಾಲೇಜಿನಲ್ಲಿ, ಬಾಡಿಗೆ ರೂಮು ಹುಡುಕುವಾಗ ಹೇಳಿ ಹೇಳಿ ನುಣುಪಾಗಿದ್ದ ಸುಳ್ಳು ಅದು. ಲೈನಿನ ಹುಡುಗಿ ಅಂದರೆ ಜನರ ಮುಖದಲ್ಲಿ ಆಗುವ ಬದಲಾವಣೆಯನ್ನು ಅವಳು ಚಿಕ್ಕಂದಿನಿಂದ ಕಂಡವಳು. ಕೂಲಿ ಬರೆದುಕೊಳ್ಳುವ ರೈಟರ ಮಗಳು ಅಂದರೆ ಯಾರೂ ಮುಂದೆ ಕೇಳುತ್ತಿರಲಿಲ್ಲ. ಅಪ್ಪ ಅನ್ನುವವನ ಮುಖವನ್ನೇ ಅವಳು ನೋಡಿರಲಿಲ್ಲ. ಅಮ್ಮ ಸತ್ತಾಗ ಅವಳಿನ್ನೂ ಸ್ಲೇಟು ಹಿಡಿದಿರಲಿಲ್ಲ. ಇದ್ದದ್ದು ಅಜ್ಜಿ ಒಬ್ಬಳೇ.

ಆಮೇಲೆ ಇಬ್ಬರೂ ಊರೂರು ಅಲೆದರು. ಸಂಜೆ ಸ್ಟುಡಿಯೋದಲ್ಲಿ ಒಂದೇ ಸ್ಕ್ರೀನಿನ ಮುಂದೆ ಕುಳಿತು ಯಾವುದೋ ಅಜ್ಜನ ನಗುವನ್ನು ಎಲ್ಲಿ ಕತ್ತರಿಸಬೇಕು ಎಂದು ಜಗಳವಾಡಿದರು. ಜಗಳ ಯಾವಾಗ ಮತ್ತೇನೋ ಆಯಿತೋ, ಇಬ್ಬರಿಗೂ ತಿಳಿಯಲಿಲ್ಲ.

ಒಂದು ದಿನ ನಿರಂಜನ್ ಅವಳನ್ನು ಮನೆಗೆ ಊಟಕ್ಕೆ ಕರೆದೊಯ್ದ. ಅವನ ತಾಯಿ ವಿಮಲಮ್ಮ ರೊಟ್ಟಿಯ ಮೇಲೆ ರೊಟ್ಟಿ ಬಡಿಸಿದರು. "ತಿನ್ನು ಕಣಮ್ಮ, ಹಿಂಗೆ ಒಣಗಿದೀಯ," ಎಂದು ಬೆನ್ನು ಸವರಿದರು. ಆ ಕೈಯ ಬಿಸಿಗೆ ಲಿಖಿತಾಳ ಕಣ್ಣು ತುಂಬಿತ್ತು.

ಕೈತೊಳೆಯಲು ಹಿತ್ತಿಲಿಗೆ ಹೋದಾಗ ಕಂಡಿತು. ಸೂರಿನ ಸಂದಿಯಲ್ಲಿ ಬೋರಲು ಸಿಕ್ಕಿಸಿಟ್ಟ ಒಂದು ಸ್ಟೀಲ್ ಲೋಟ.

"ಅದ್ಯಾಕಮ್ಮ ಅಲ್ಲಿದೆ?"

"ಅದಾ... ತೋಟದ ಕೆಲಸದವ್ರದ್ದು. ನೀನು ಮುಟ್ಟಬ್ಯಾಡ, ಬಾ."

ವಿಮಲಮ್ಮ ಅದನ್ನು ಎಷ್ಟು ಸಹಜವಾಗಿ ಹೇಳಿದರೆಂದರೆ, ಲಿಖಿತಾಳಿಗೆ ಸಿಟ್ಟು ಕೂಡ ಬರಲಿಲ್ಲ. ಭಯವಾಯಿತು. ತನ್ನ ಬೆನ್ನು ಸವರಿದ ಕೈಗೆ ನಿಜ ಗೊತ್ತಾದರೆ?

ಅದೇ ದಿನ ಬಸ್ ಸ್ಟ್ಯಾಂಡಿನಲ್ಲಿ ನಿರಂಜನ್ ಹೇಳಿದ್ದ. "ಲಿಖಿತಾ, ಈ ಸಿನಿಮಾ ಮುಗಿದ ಮೇಲೂ ನಿಮ್ಮ ಪಕ್ಕದಲ್ಲೇ ಕೂತಿರಬೇಕು ಅನ್ಸುತ್ತೆ. ಜೀವನಪೂರ್ತಿ. ನಿಧಾನಕ್ಕೆ ಯೋಚನೆ ಮಾಡಿ ಹೇಳಿ."

ಅವಳು ಇನ್ನೂ ಉತ್ತರ ಹೇಳಿರಲಿಲ್ಲ. ಹೇಳಬೇಕಾದರೆ ಮೊದಲು ಇನ್ನೊಂದು ಹೇಳಬೇಕಿತ್ತಲ್ಲ.

ಈಗ ಇಲ್ಲಿ, ತನ್ನದೇ ಮನೆಯೊಳಗೆ, ಅವಳು ಪರಕೀಯಳಂತೆ ತಲೆಬಗ್ಗಿಸಿ ನಿಂತಿದ್ದಳು. ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಕಾಲವಾದ್ದರಿಂದ ಲೈನಿನಲ್ಲಿ ಬೇರೆ ಯಾರೂ ಇರಲಿಲ್ಲ. ಇಲ್ಲದಿದ್ದರೆ ಸುಳ್ಳು ಅಂಗಳದಲ್ಲೇ ಬಯಲಾಗುತ್ತಿತ್ತು.

ಕಾಲರ್ ಮೈಕನ್ನು ಅಜ್ಜಿಯ ಸೀರೆಯ ಸೆರಗಿಗೆ ಲಿಖಿತಾ ಸಿಕ್ಕಿಸಿದಳು. ಅಜ್ಜಿ ಅವಳ ಮುಖ ನೋಡಲಿಲ್ಲ.

ನಿರಂಜನ್ ಪ್ರಶ್ನೆ ಕೇಳಿದ. ಚೋಮಜ್ಜಿ ಒಲೆಯ ಕಡೆ ನೋಡಿದಳು. ಆಮೇಲೆ ಹಾಡಿಯ ಮಾತಿನಲ್ಲಿ ಶುರು ಮಾಡಿದಳು.

"ನನ್ನ ಮೊಮ್ಮಗಳನ್ನ ಸಂಪಾಜೆ ಹಾಸ್ಟೆಲಿಗೆ ಬಿಟ್ಟು ಬಂದ ದಾರಿ. ಹೋಗುವಾಗ ಬಸ್ಸಲ್ಲಿ ಹೋದ್ವಿ. ಕೂಸು ಅಳಲಿಲ್ಲ. ನನಗೇ ಅಳು ಬಂತು. ವಾಪಸ್ ಬರೋಕೆ ಬಸ್ಸು ನಿಂತಿತ್ತು, ನಾನು ಹತ್ತಲಿಲ್ಲ. ನಡೆದೆ. ಘಾಟಿ ಹತ್ತಿ, ಮಡಿಕೇರಿಯಲ್ಲಿ ಒಂದು ಅಂಗಡಿ ಜಗಲಿಯಲ್ಲಿ ಮಲಗಿ, ಮತ್ತೆ ನಡೆದು ಇಲ್ಲಿಗೆ ಬಂದೆ. ಬಸ್ಸಲ್ಲಿ ಹೋದ ದಾರಿ ಕಾಲಿಗೆ ಗೊತ್ತಾಗಲ್ಲ. ಕೂಸು ಯಾವತ್ತಾದ್ರೂ ಅಜ್ಜೀ ಅಂತ ಕರೆದ್ರೆ, ಬಸ್ಸಿಲ್ಲ ಅಂತ ಕೂರೋಕಾಗುತ್ತಾ? ದಾರಿ ಕಾಲಿಗೆ ಗೊತ್ತಿರಬೇಕು."

ಈ ಮಾತು ಲಿಖಿತಾಳಿಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷಗಳಲ್ಲಿ ಅಜ್ಜಿ ಒಮ್ಮೆಯೂ ಹೇಳಿರಲಿಲ್ಲ.

ಅಜ್ಜಿ ಅದೇ ಧಾಟಿಯಲ್ಲಿ ಮುಂದುವರಿಸಿದಳು. "ಆ ಕೂಸು ಈಗ ಇಲ್ಲೇ ಕೂತಿದೆ. ನನ್ನನ್ನ ನೋಡಿಲ್ಲ ಅಂತಿದೆ. ಇರ್ಲಿ. ಈ ಹುಡುಗನ ಕಡೆ ಅದು ನೋಡೋ ಹಾಗೆ ನೋಡಿದ್ರೆ ನನಗೆ ಅರ್ಥ ಆಗಲ್ವಾ? ಅವಳು ಹೋಗೋ ದಾರಿಗೆ ನಾನು ಅಡ್ಡ ಬರೋದು ಬೇಡ."

"ಏನಂದ್ರು?" ನಿರಂಜನ್ ಮೆಲ್ಲಗೆ ಕೇಳಿದ.

ಲಿಖಿತಾ ನೆಲ ನೋಡುತ್ತಾ ಹೇಳಿದಳು. "ಚಿಕ್ಕವರಿದ್ದಾಗ... ಸೌದೆಗೆ ಕಾಡಿಗೆ ಹೋಗ್ತಿದ್ದ ದಾರಿಯಂತೆ. ಆನೆ ಭಯ ಇತ್ತಂತೆ."

ಅಜ್ಜಿ ಆ ಸುಳ್ಳನ್ನೂ ಕೇಳಿಸಿಕೊಂಡಳು. ಹೌದೆನ್ನುವಂತೆ ತಲೆಯಾಡಿಸಿದಳು!

ಆಮೇಲೆ ಎದ್ದು ಬೆಲ್ಲದ ಕಾಫಿ ಮಾಡಿದಳು. ಕ್ಯಾಮೆರಾ ಇನ್ನೂ ಓಡುತ್ತಿತ್ತು. ಒಲೆಯ ಪಕ್ಕದ ಹಲಗೆಯ ಮೇಲೆ ಹಿಡಿ ಮುರಿದ ಒಂದು ಪಿಂಗಾಣಿ ಕಪ್ ಇತ್ತು. ಲಿಖಿತಾ ಐದು ವರ್ಷದವಳಿದ್ದಾಗ ಸಿಟ್ಟಿನಲ್ಲಿ ಎಸೆದು ಹಿಡಿ ಮುರಿದಿದ್ದ ಕಪ್. ಅಂದಿನಿಂದ ಅವಳಿಗೆ ಅದರಲ್ಲೇ ಕಾಫಿ. ಮನೆಗೆ ಬರುವ ನೆಂಟರಿಗೆ ಎರಡು ಸ್ಟೀಲ್ ಲೋಟಗಳು ಬೇರೆ ಇದ್ದವು.

ಅಭ್ಯಾಸಬಲ ನೋಡಿ, ಲಿಖಿತಾಳ ಕೈ ತಾನಾಗಿ ಆ ಕಪ್ಪಿನ ಕಡೆ ಹೋಯಿತು.

ಚೋಮಜ್ಜಿ ಮೆಲ್ಲಗೆ ಅದನ್ನು ಹಿಂದೆ ಸರಿಸಿದಳು. ಸ್ಟೀಲ್ ಲೋಟವನ್ನು ಸೆರಗಿನಿಂದ ಒರೆಸಿ, ಕಾಫಿ ಬಗ್ಗಿಸಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

"ನೀವು ಇದ್ರಲ್ಲಿ ಕುಡೀರಿ ಅಮ್ಮಾ. ಅದು ನಮ್ಮ ಕೂಸಿಂದು."

ಲಿಖಿತಾ ಆ ಕಾಫಿಯನ್ನು ಲೋಟದಲ್ಲೇ ಬಿಟ್ಟು ಎದ್ದಳು.

ಮುಂದಿನ ಭಾನುವಾರ ಅವಳು ಲೈನಿಗೆ ಹೋಗಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಹೊರಡಲೆಂದು ಚಪ್ಪಲಿ ಮೆಟ್ಟುತ್ತಿದ್ದಳು, 'ನೀವು ಕುಡೀರಿ ಅಮ್ಮಾ' ಎಂಬ ದನಿ ಕೇಳುತ್ತಿತ್ತು, ಮತ್ತೆ ಬಿಡುತ್ತಿದ್ದಳು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗು ಏಕೆ ಅನ್ನುವ ಜಾತಿಯವಳೇ ನಾನು? ಇಲ್ಲ... ಆದರೂ ಅಂಬಿಗನ ಮುಖ ನೋಡುವ ಧೈರ್ಯ ಅವಳಿಗೆ ಇರಲಿಲ್ಲ.

ನಿರಂಜನ್ ಕೂಡ ಬದಲಾಗಿದ್ದ. ಸ್ಟುಡಿಯೋಗೆ ಬಂದರೂ ಮಾತು ಕಮ್ಮಿ. ಅವಳು ಏನಾದರೂ ಹೇಳಲಿದ್ದಾಳೆ ಎಂಬಂತೆ ಕಾಯುತ್ತಾ ಕೂರುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ಅವಳದು.

ಒಂದು ಮಧ್ಯಾಹ್ನ ಅವನು ಟೀ ತರಲು ಹೊರಗೆ ಹೋಗಿದ್ದ. ಲ್ಯಾಪ್‌ಟಾಪ್ ತೆರೆದೇ ಇತ್ತು. ಸ್ಕ್ರೀನಿನಲ್ಲಿ ಅಜ್ಜಿಯ ಮುಖ. ಕೆಳಗೆ ಕನ್ನಡ ಅಕ್ಷರಗಳು.

'ದಾರಿ ಕಾಲಿಗೆ ಗೊತ್ತಿರಬೇಕು.'

ಲಿಖಿತಾ ವಿಡಿಯೋವನ್ನು ಮುಂದಕ್ಕೆ ಓಡಿಸಿದಳು. 'ಆ ಕೂಸು ಈಗ ಇಲ್ಲೇ ಕೂತಿದೆ...' ಇನ್ನೂ ಮುಂದೆ ಕಾಫಿಯ ದೃಶ್ಯ. ಒಂದು ಕೈ ಹಿಡಿ ಮುರಿದ ಕಪ್ಪಿನ ಕಡೆ ಚಾಚಿ, ನಡುವೆ ನಿಂತು, ಹಿಂದೆ ಬರುತ್ತದೆ. ಅವಳದೇ ಕೈ. ಮದುವೆ ವಿಡಿಯೋಗಳಲ್ಲಿ ಎಷ್ಟೋ ಜನರ ಕೈಗಳನ್ನು ನೋಡಿದವಳಿಗೆ ತನ್ನ ಕೈಯ ಸುಳ್ಳು ಈಗ ಕಂಡಿತು.

ಟೀ ಹಿಡಿದು ಬಂದ ನಿರಂಜನ್ ಬಾಗಿಲಲ್ಲೇ ನಿಂತ.

"ಯಾವಾಗ ಗೊತ್ತಾಯ್ತು?" ಕೇಳಿದಳು ಲಿಖಿತಾ.

"ಆ ಕೈ ನೋಡಿದಾಗ ಅನುಮಾನ ಬಂತು. ಆಮೇಲೆ ಲೈನಿಗೆ ಹೋದೆ. ಯಾರ ಮಾತು ತಗೊಂಡ್ರೂ ಅವರಿಗೆ ಮೊದಲು ತೋರಿಸೋದು ನನ್ನ ಪದ್ಧತಿ, ನಿಮಗೇ ಗೊತ್ತಲ್ಲ. ಪಕ್ಕದ ಮನೆ ಮುತ್ತಿಯವರು ಇದ್ರು. ಅವರು ಅರ್ಥ ಹೇಳಿದ್ರು."

"ಗೊತ್ತಿದ್ದೂ ಸುಮ್ಮನಿದ್ರಿ."

"ನೀವೇ ಹೇಳ್ತೀರಿ ಅಂತ ಕಾದೆ."

"ಕಾದ್ರಾ? ಸಬ್‌ಟೈಟಲ್ ಹಾಕ್ಕೊಂಡು ಕಾದ್ರಾ?" ಅವಳು ಲ್ಯಾಪ್‌ಟಾಪ್ ಮುಚ್ಚಿದಳು. "ಲೈನಿನ ಹುಡುಗಿ, ಅಜ್ಜಿಯನ್ನೇ ಗೊತ್ತಿಲ್ಲ ಅಂದವಳು. ಇದಕ್ಕಿಂತ ಒಳ್ಳೆ ಕಥೆ ಎಲ್ಲಿ ಸಿಗುತ್ತೆ ನಿಮಗೆ? ಫಿಲ್ಮ್ ಫೆಸ್ಟಿವಲ್‌ನವರು ಚಪ್ಪಾಳೆ ಹೊಡೀತಾರೆ. ನಿಮ್ಮಮ್ಮ ಮನೆಯಲ್ಲಿ ನನಗೂ ಒಂದು ಲೋಟ ಸೂರಿಗೆ ಸಿಕ್ಕಿಸ್ತಾರೆ."

"ಲಿಖಿತಾ, ಕೇಳಿ ಇಲ್ಲಿ..."

ಅವಳು ಕೇಳಲಿಲ್ಲ. ಬ್ಯಾಗು ತೆಗೆದುಕೊಂಡು ಹೊರಟೇ ಹೋದಳು. ಅವನ ಫೋನು ಬಂದರೂ ಎತ್ತಲಿಲ್ಲ. ಎತ್ತಿದ್ದರೆ ಅಲ್ಲೇ ಮುಗಿಯುತ್ತಿತ್ತೋ ಏನೋ, ಆದರೆ ನಾಚಿಕೆ ಎಂಬುದು ಸಿಟ್ಟಿನ ವೇಷ ಹಾಕಿಕೊಂಡಾಗ ಯಾರ ಮಾತನ್ನೂ ಕೇಳುವುದಿಲ್ಲ.

ಕಾಫಿ ಹೂವಿನ ಕಾಲ ಬಂತು. ಒಂದು ದಿನ ಮುತ್ತಿ ಮೊಣಕಾಲು ಹಿಡಿದುಕೊಂಡು ಸ್ಟುಡಿಯೋ ಮೆಟ್ಟಿಲು ಹತ್ತಿ ಬಂದಳು.

"ನಾಳೆ ಸಂಜೆ ನಮ್ಮ ಲೈನಿನ ಕಣದಲ್ಲಿ ಆ ಹುಡುಗ ಸಿನಿಮಾ ಹಾಕ್ತಾನಂತೆ. ಬಾ."

"ನಾನು ಬರಲ್ಲ ಮುತ್ತಜ್ಜಿ."

"ಚೋಮಿ ಭಾನುವಾರ ಭಾನುವಾರ ನಿನ್ನ ಕಪ್ಪು ತೊಳೆದು ಇಡ್ತಾಳೆ. ಸಂಜೆ ಒಳಗೆ ಎತ್ತಿಡ್ತಾಳೆ. ಯಾಕೆ ಬರಲಿಲ್ಲ ಅಂತ ಒಂದು ಮಾತು ಇಲ್ಲ. ನೋಡೋಕಾಗಲ್ಲ ನನಗೆ. ಬೈದಾದ್ರೂ ಬೈದಿದ್ರೆ ಆಗಿತ್ತು."

ಅಷ್ಟು ಹೇಳಿ ಮುತ್ತಿ ಮೆಟ್ಟಿಲಿಳಿದಳು. ಲಿಖಿತಾ ಆ ದಿನ ಒಂದು ಮದುವೆಯನ್ನೂ ಕತ್ತರಿಸಲಾಗದೆ ಕುಳಿತಳು.

ಮರುದಿನ ಸಂಜೆ. ಒಣಗಿಸಿದ ಕಾಫಿ ಬೇಳೆ ಎಲ್ಲ ಲಾರಿಗೆ ಲೋಡ್ ಆಗಿ ಹೋಗಿದ್ದರಿಂದ ಕಣ ಖಾಲಿಯಿತ್ತು. ಎರಡು ಗಳಗಳ ನಡುವೆ ಬಿಳಿ ಬೆಡ್‌ಶೀಟ್ ಬಿಗಿದಿದ್ದರು. ಹೊತ್ತು ಮುಳುಗಿದ ಕೂಡಲೇ ಲೈನಿನವರೆಲ್ಲ ಗೋಣಿಚೀಲ ಹಾಸಿಕೊಂಡು ಕೂತರು. ಎಸ್ಟೇಟಿನ ರೈಟರು ಬೊಳ್ಳಪ್ಪ ಕುರ್ಚಿ ಹಾಕಿಸಿಕೊಂಡಿದ್ದರು. ಮುಂದೆಯೇ ಚೋಮಜ್ಜಿ, ಮಡಿಚಿಟ್ಟ ಸೀರೆ ಉಟ್ಟು ಬಂದಿದ್ದಳು. ಲಿಖಿತಾ ಎಲ್ಲರಿಗಿಂತ ಹಿಂದೆ ಸಿಲ್ವರ್ ಓಕ್ ಮರಕ್ಕೆ ಒರಗಿ ನಿಂತಳು.

ಸಿನಿಮಾ ಶುರುವಾಯಿತು. ಒಬ್ಬೊಬ್ಬರೇ ಹಿರಿಯರು ತಮ್ಮ ತಮ್ಮ ದಾರಿ ಹೇಳಿದರು. ಚೋಮಜ್ಜಿಯ ಸರದಿ ಬಂದಾಗ ಲಿಖಿತಾ ಮರ ಬಿಟ್ಟು ನೆಟ್ಟಗೆ ನಿಂತಳು.

ಪರದೆಯ ಮೇಲೆ ಅಜ್ಜಿ ಒಲೆಗೆ ಸೌದೆ ಹಾಕಿದಳು. ಕ್ಯಾಮೆರಾ ನೋಡಿ ನಕ್ಕಳು. ಅಷ್ಟೇ. ಮುಂದಿನವರು ಬಂದರು.

ಸಂಪಾಜೆ ಇಲ್ಲ. ಆ ಕೈ ಇಲ್ಲ. ಒಂದು ಅಕ್ಷರವೂ ಇಲ್ಲ.

ಎಡಿಟರ್ ಆದ ಲಿಖಿತಾಳಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಅವನು ಸಿನಿಮಾದ ಜೀವವನ್ನೇ ಕಿತ್ತು ತೆಗೆದಿದ್ದ. ಅವಳಿಗಾಗಿ.

"ನಮ್ಮ ಚೋಮಿದು ಇಷ್ಟೇನಾ?" ಯಾರೋ ಗೊಣಗಿದರು.

ಮುತ್ತಿ ಎದ್ದೇ ನಿಂತಳು. "ಅಷ್ಟುದ್ದ ಹೇಳಿದ್ಲಲ್ಲ, ಅದೆಲ್ಲಿ ಹೋಯ್ತು?"

"ಅದು ನನ್ನ ಹತ್ರ ಇದೆ ಅಜ್ಜಿ," ಎಂದ ನಿರಂಜನ್ ತಗ್ಗಿದ ದನಿಯಲ್ಲಿ. "ಆದ್ರೆ ತೋರಿಸೋ ಹಕ್ಕು ನನಗಿಲ್ಲ."

ಲಿಖಿತಾಳ ಕಾಲು ತಾನಾಗಿ ನಡೆಯಿತು. ಗೋಣಿಚೀಲಗಳ ನಡುವೆ ದಾರಿ ಮಾಡಿಕೊಂಡು ಅವಳು ಮುಂದೆ ಬಂದಳು. ಜನ ತಿರುಗಿ ನೋಡಿದರು. ಅಜ್ಜಿಯೂ ನೋಡಿದಳು.

"ಅದನ್ನ ಹಾಕಿ," ಎಂದಳು ನಿರಂಜನನಿಗೆ. "ಸಬ್‌ಟೈಟಲ್ ಬೇಡ. ಅರ್ಥ ನಾನು ಹೇಳ್ತೀನಿ. ಅವತ್ತು ತಪ್ಪು ಹೇಳಿದ್ದೆ."

"ಲಿಖಿತಾ, ಬೇಕಾಗಿಲ್ಲ. ನಿಜವಾಗ್ಲೂ."

"ನನಗೆ ಬೇಕು. ಮತ್ತೆ... ಕ್ಯಾಮೆರಾ ಆನ್ ಮಾಡ್ಕೊಳ್ಳಿ. ಲೈನಿನವರಿಗೆ ನಾನು ಯಾರು ಅಂತ ಗೊತ್ತು. ಹೊರಗಿನವರಿಗೂ ಗೊತ್ತಾಗಲಿ."

ಅವನು ಅವಳ ಮುಖವನ್ನೇ ನೋಡಿದ. ಆಮೇಲೆ ಮೈಕನ್ನು ಅವಳ ಕೈಗೆ ಕೊಟ್ಟ.

ಬೆಡ್‌ಶೀಟಿನ ಮೇಲೆ ಚೋಮಜ್ಜಿ ಮಾತಾಡತೊಡಗಿದಳು. ಪಕ್ಕದಲ್ಲಿ ನಿಂತ ಲಿಖಿತಾ ಒಂದೊಂದೇ ಮಾತನ್ನು ಕನ್ನಡಕ್ಕೆ ತಂದಳು. ಬಸ್ಸು, ಘಾಟಿ, ಮಡಿಕೇರಿಯ ಅಂಗಡಿ ಜಗಲಿ. "ಬಸ್ಸಲ್ಲಿ ಹೋದ ದಾರಿ ಕಾಲಿಗೆ ಗೊತ್ತಾಗಲ್ಲ" ಅನ್ನುವಾಗಲೂ ನಿಲ್ಲಲಿಲ್ಲ.

"ಆ ಕೂಸು ಈಗ ಇಲ್ಲೇ ಕೂತಿದೆ. ನನ್ನನ್ನ ನೋಡಿಲ್ಲ ಅಂತಿದೆ..."

ಅಲ್ಲಿ ಅವಳು ನಿಂತಳು.

"ಆ ಕೂಸು ನಾನು. ನನ್ನ ಹೆಸರು ಲಿಖಿತಾ. ನಾನು ರೈಟರ ಮಗಳಲ್ಲ. ಈ ಲೈನಿನ ಕೊನೆ ಮನೆಯವಳು. ಚೋಮಿ ನಮ್ಮಜ್ಜಿ. ಅವತ್ತು ನನಗೆ ನಾಚಿಕೆಯಾಯ್ತು. ಇವತ್ತು ಅದಕ್ಕೇ ನಾಚಿಕೆ ಆಗ್ತಿದೆ."

ಮೈಕು ಕೆಳಗಿಟ್ಟು ಅವಳು ಅಜ್ಜಿಯ ಮುಂದೆ ಕುಸಿದು ಕುಳಿತಳು. "ಅಜ್ಜೀ..." ಅದೊಂದೇ ಮಾತು ಹೊರಟಿತು.

ಚೋಮಜ್ಜಿ ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ಕೂದಲಲ್ಲಿ ಬೆರಳಾಡಿಸುತ್ತಾ ಹಾಡಿಯ ಮಾತಿನಲ್ಲಿ ಹೇಳಿದಳು. "ಕರೆದ್ಯಲ್ಲ. ಸಾಕು ಬಿಡು. ಇಷ್ಟು ಹತ್ತಿರದಿಂದ ಕರೆದ್ರೆ ನಡೆಯೋದೂ ಬೇಡ."

ಮುತ್ತಿ ಮೂಗು ಒರೆಸಿಕೊಂಡಳು. ಬೊಳ್ಳಪ್ಪ ಎದ್ದು, ಏನೋ ಕೆಲಸ ನೆನಪಾದವರಂತೆ ದೂರ ಹೋಗಿ ನಿಂತರು.

ಜನ ಚದುರಿದ ಮೇಲೆ ಚೋಮಜ್ಜಿ ಮನೆಗೆ ಹೋಗಿ ಒಲೆ ಹೊತ್ತಿಸಿದಳು. ಲಿಖಿತಾ ಮತ್ತು ನಿರಂಜನ್ ಹೊರಗೆ ಸೌದೆಯ ಪಕ್ಕ ಕುಳಿತರು. ಗಾಳಿಯಲ್ಲಿ ಕಾಫಿ ಹೂವಿನ ಗಮ.

"ಕ್ಷಮಿಸಿ," ಎಂದಳು ಅವಳು. "ನೀವು ಅದನ್ನ ತೆಗೆದುಬಿಡ್ತೀರಿ ಅಂತ ನಾನು ಅಂದ್ಕೊಳ್ಳಲೇ ಇಲ್ಲ."

"ಸಬ್‌ಟೈಟಲ್ ಹಾಕಿದ್ದು ನಿಮಗೆ ತೋರಿಸೋಕೆ. ಕೇಳೋಕೆ ಧೈರ್ಯ ಬರಲಿಲ್ಲ. ನನ್ನದೂ ತಪ್ಪೇ." ಅವನು ತಡೆದು ಹೇಳಿದ. "ಮನೆಯಲ್ಲಿ ನನ್ನ ಮನಸ್ಸಿನ ವಿಷಯ ಹೇಳಿದೆ. ನಿಮ್ಮ ವಿಷಯ ನೀವೇ ಹೇಳಲಿ ಅಂತ ನಾನು ಹೇಳಲಿಲ್ಲ. ಆದ್ರೆ ಸೂರಲ್ಲಿದ್ದ ಲೋಟ ತೆಗೆದು ಒಳಗೆ ಇಟ್ಟೆ. ನಾನೇ ಅದ್ರಲ್ಲಿ ಕಾಫಿ ಕುಡಿದೆ. ಅಪ್ಪ ಏನೂ ಅನ್ನಲಿಲ್ಲ. ಅಮ್ಮ ಮಾತು ಬಿಟ್ಟಿದಾರೆ."

"ಇನ್ನೂ?"

"ಇನ್ನೂ. ಊಟ ಬಡಿಸ್ತಾರೆ, ಮಾತಿಲ್ಲ. ಸುಲಭ ಅಂತ ನಾನು ಸುಳ್ಳು ಹೇಳಲ್ಲ ಲಿಖಿತಾ. ಆದ್ರೆ ನಾನು ಹಿಂದೆ ಹೋಗಲ್ಲ."

ಅವಳು ಅವನ ಕೈಯ ಮೇಲೆ ಕೈಯಿಟ್ಟಳು. "ಬಸ್ ಸ್ಟ್ಯಾಂಡಲ್ಲಿ ಕೇಳಿದ್ರಲ್ಲ... ಉತ್ತರ ಕೊಟ್ಟಿರಲಿಲ್ಲ ನಾನು."

"ಹೂಂ."

"ಪಕ್ಕದಲ್ಲೇ ಕೂತಿರಿ. ಸಿನಿಮಾ ಮುಗಿದ ಮೇಲೂ."

ಅವನು ಆ ಕೈಯನ್ನು ಬಿಗಿಯಾಗಿ ಹಿಡಿದುಕೊಂಡ, ಕಣ್ಣು ಒದ್ದೆಯಾಗಿತ್ತು.

ಪರದೆ ಸರಿಸಿ ಚೋಮಜ್ಜಿ ಬಂದಳು. ಮೊಮ್ಮಗಳಿಗೆ ಹಿಡಿ ಮುರಿದ ಕಪ್. ನಿರಂಜನನಿಗೆ ಸೆರಗಿನಿಂದ ಒರೆಸಿದ ಸ್ಟೀಲ್ ಲೋಟ.

"ನನಗೆ ಇನ್ನೂ ನೆಂಟರ ಲೋಟನಾ ಅಜ್ಜಿ?" ಕೇಳಿದ ಅವನು.

"ಮತ್ತೆ?" ಎಂದಳು ಚೋಮಜ್ಜಿ, ಕನ್ನಡದಲ್ಲಿ. "ಮನೆಯವನಾಗೋಕೆ ಏನಾದ್ರೂ ಮುರೀಬೇಕು ಮಗ. ಇವಳು ಮುರಿದಿಲ್ವಾ?" ಒಳಗೆ ಹೋಗುವಾಗ ಅವಳ ತುಟಿಯಲ್ಲಿ ನಗುವಿತ್ತು.

ಲಿಖಿತಾ ತನ್ನ ಕಪ್ಪನ್ನು ಅವನ ಕೈಗಿತ್ತು, ಲೋಟವನ್ನು ತಾನು ತೆಗೆದುಕೊಂಡಳು.

"ಹುಷಾರು. ಹಿಡಿ ಇಲ್ಲ, ಕೈ ಸುಡುತ್ತೆ."

"ಸುಡಲಿ," ಎಂದ ನಿರಂಜನ್. ಎರಡೂ ಕೈಯಲ್ಲಿ ಹಿಡಿದು ಕುಡಿದ.